ಮುಳ್ಳಿಲ್ಲದ ಗಾಳ

ಮೈಸೂರಿನ ಹಿರಿಯರಿಗೆ ವ್ಯಾನ್ ಇಂಜೆನ್ ಎಂಬ ಹೆಸರು ಅಪರಿಚಿತವಲ್ಲ. ಹುಲಿ, ಚಿರತೆ, ಕಾಡುಕೋಣಗಳ ಚರ್ಮವನ್ನು ಹದಗೊಳಿಸಿ, ಜೀವವಿದ್ದಂತೆಯೇ ತೋರುವ ಹಾಗೆ ನಿಲ್ಲಿಸುವ ಕಸಬಿನಲ್ಲಿ ಪ್ರಪಂಚಪ್ರಸಿದ್ಧವಾಗಿದ್ದ ಆ ಸಂಸ್ಥೆಯು ಕಳೆದ ಶತಮಾನದ ಕೊನೆಯಲ್ಲಿ ಬಾಗಿಲು ಮುಚ್ಚಿತು. ಆ ಮನೆತನದ ಡಿವೆಟ್ ವ್ಯಾನ್ ಇಂಜೆನ್ ಎಂಬುವರು 1946ರಲ್ಲಿ ಕಬಿನಿ ಹೊಳೆಯಲ್ಲಿ 120 ಪೌಂಡು, ಅಂದರೆ ಸುಮಾರು 54 ಕಿಲೋ ತೂಕದ ಮಹಸೀರ್ ಮೀನೊಂದನ್ನು ಗಾಳದಿಂದ ಹಿಡಿದರು. ಪ್ರಾಯದ ಮನುಷ್ಯನೊಬ್ಬನ ತೂಕ. ಇಪ್ಪತ್ತೇಳು ವರ್ಷಗಳ ಹಿಂದೆ, 1919ರಲ್ಲಿ, ಕಾವೇರಿಯಲ್ಲಿ ರಿವೆಟ್ ಕಾರ್ನಾಕ್ ಎಂಬ ಸೇನಾಧಿಕಾರಿ ಹಿಡಿದಿದ್ದ 119 ಪೌಂಡಿನ ಮೀನಿನ ದಾಖಲೆಯನ್ನು ಅದು ಒಂದು ಪೌಂಡಿನಿಂದ ಮುರಿಯಿತು. ನಮ್ಮ ನದೀತೀರದ ಜನರು ಬಿಳಿಮೀನು ಎಂದು ಕರೆಯುವ, ಬೆನ್ನು ಉಬ್ಬಿದ ಈ ಮೀನಿನ ಸಲುವಾಗಿ ಸಮುದ್ರ ದಾಟಿ ಬಂದವರ ಕಥೆಗಳು ಆಂಗ್ಲರ ಬೇಟೆಯ ಪುಸ್ತಕಗಳಲ್ಲಿ ತುಂಬಿವೆ.

ಅಂದಿನವರು ಹಿಡಿದ ಮೀನನ್ನು ಕೊಂದು, ತೂಗಿ, ಅದರೊಡನೆ ಚಿತ್ರ ತೆಗೆಸಿಕೊಳ್ಳುತ್ತಿದ್ದರು. ಇಂದಿನವರು ತೂಗಿ, ಚಿತ್ರ ತೆಗೆಸಿಕೊಂಡು, ಮರಳಿ ನೀರಿಗೆ ಬಿಡುತ್ತಾರೆ. ಈ ಕ್ರೀಡೆಗೆ 'ಹಿಡಿದು ಬಿಡುವುದು' ಎಂದೇ ಹೆಸರು. ಇದರಲ್ಲಿ ದಯೆಯ ಕುರುಹಾಗಿ ಮುಂದಿಡುವ ಇನ್ನೊಂದು ನಿಯಮವೂ ಉಂಟು. ಗಾಳದ ಮೊನೆಯ ಬಳಿ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳೊಂದಿರುತ್ತದೆ; ಒಮ್ಮೆ ಒಳಹೊಕ್ಕ ಗಾಳ ಜಾರಿ ಹೊರಬಾರದಂತೆ ತಡೆಯುವುದೇ ಅದರ ಕೆಲಸ. ಆ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಬೇಕು, ಇಲ್ಲವೇ ಮುಳ್ಳಿಲ್ಲದ ಗಾಳವನ್ನೇ ಬಳಸಬೇಕು. ಅಮೆರಿಕದ ಹಲವು ಟ್ರೌಟ್ ನದಿಗಳಲ್ಲಿ ಇದು ಕಾನೂನೇ ಆಗಿದೆ.

ಇಂತಹ ವಿಷಯ ನಮ್ಮ ಪತ್ರಿಕೆಗೆ ಏಕೆ ಎಂದು ಓದುಗ ಬಂಧುಗಳು ಕೇಳಬಹುದು. ನನ್ನ ತಮ್ಮನ ಮಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. 2018ರ ಮಹಾಮಸ್ತಕಾಭಿಷೇಕದ ಸಂದರ್ಭದಲ್ಲಿ ಶ್ರವಣಬೆಳಗೊಳದಲ್ಲಿ ಅಷ್ಟಮೂಲಗುಣಗಳ ನಿಯಮವನ್ನು ಸ್ವೀಕರಿಸಿದವನು. ಅದನ್ನು ಪಾಲಿಸುತ್ತಲೂ ಇದ್ದಾನೆ. ಅವನ ಗೆಳೆಯರು ಗಾಳದ ಪ್ರವಾಸಕ್ಕೆ ಕರೆದಿದ್ದರು. ಚಾಮರಾಜಪುರಂನ ನಮ್ಮ ಮನೆಗೆ ಬಂದಿದ್ದಾಗ ಅವನು ಕೇಳಿದ ಪ್ರಶ್ನೆ ಇದು: "ದೊಡ್ಡಪ್ಪ, ಮುಳ್ಳಿಲ್ಲದ ಗಾಳ. ಕೊಲ್ಲುವುದಿಲ್ಲ, ತಿನ್ನುವುದಿಲ್ಲ, ಬಿಟ್ಟುಬಿಡುತ್ತಾರೆ. ಪ್ರಾಣವೇ ಹೋಗದಿದ್ದ ಮೇಲೆ ಅಣುವ್ರತಕ್ಕೆ ಭಂಗ ಎಲ್ಲಿ ಬಂತು?" ಗದರಿಸಿ ಸುಮ್ಮನಾಗಿಸುವುದು ಸುಲಭವಿತ್ತು. ಆದರೆ ನಿಯಮವನ್ನು ಪಾಲಿಸುತ್ತಿರುವವನ ಸಂಶಯಕ್ಕೆ ಗದರಿಕೆ ಉತ್ತರವಾಗಲಾರದು. ಅಲ್ಲದೆ ಅವನು ಹೇಳಿದ್ದರಲ್ಲಿ ಪರೀಕ್ಷಿಸಬಹುದಾದ ಒಂದು ಅಂಶವೂ ಇತ್ತು: ಬಿಟ್ಟ ಮೀನು ಬದುಕುತ್ತದೆ ಎಂಬುದು. ವ್ಯಾಪಾರಿಯಾದ ನಾನು ಮೊದಲು ಲೆಕ್ಕವನ್ನೇ ನೋಡಲು ಕುಳಿತೆ.

ಟ್ರೌಟ್ ಮೀನುಗಳ ಕುರಿತು ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ಶಿಲ್ ಮತ್ತು ಸ್ಕಾರ್ಪೆಲ್ಲಾ ಎಂಬ ವಿಜ್ಞಾನಿಗಳು 1997ರಲ್ಲಿ ಒಂದು ಫಲಿತಾಂಶವನ್ನು ಪ್ರಕಟಿಸಿದರು. ಕೃತಕ ಎರೆ ಕಟ್ಟಿದ ಮುಳ್ಳಿನ ಗಾಳದಿಂದ ಹಿಡಿದು ಬಿಟ್ಟ ಮೀನುಗಳಲ್ಲಿ ಶೇಕಡಾ 4.5ರಷ್ಟು ಸತ್ತರೆ, ಮುಳ್ಳಿಲ್ಲದ ಗಾಳದಿಂದ ಹಿಡಿದವುಗಳಲ್ಲಿ ಸತ್ತದ್ದು ಶೇಕಡಾ 4.2. ದಯೆಯ ಕುರುಹೆಂದು ಮುಂದಿಟ್ಟ ನಿಯಮದ ಬೆಲೆ ನೂರು ಮೀನುಗಳಿಗೆ ಒಂದು ಮೀನೂ ಇಲ್ಲ. ಜೀವಂತ ಎರೆಯನ್ನು ಮೀನು ನುಂಗಿ, ಗಾಳ ಗಂಟಲಿಗೋ ಕಿವಿರಿಗೋ ಇಳಿದರೆ ಸಾವು ಹಲವು ಪಟ್ಟು ಹೆಚ್ಚುತ್ತದೆ. ಅಲ್ಲಿ ಮುಳ್ಳು ಇದ್ದರೇನು, ಇಲ್ಲದಿದ್ದರೇನು. ಗಾಳಕ್ಕಿಂತ ಗಾಳಿಯೇ ಘಾತಕ ಎಂಬುದು ಇನ್ನೊಂದು ಅಧ್ಯಯನದಿಂದ ತಿಳಿಯುತ್ತದೆ. 1992ರಲ್ಲಿ ಫರ್ಗ್ಯುಸನ್ ಮತ್ತು ಟಫ್ಟ್ಸ್ ಎಂಬುವರು ಕಾಮನಬಿಲ್ಲಿನ ಟ್ರೌಟ್‌ಗಳನ್ನು ದಣಿಯುವವರೆಗೆ ಓಡಿಸಿದರು. ಹಾಗೆ ದಣಿದ ಮೀನುಗಳಲ್ಲಿ ಶೇಕಡಾ 12 ಸತ್ತವು. ದಣಿದ ಮೇಲೆ ಅರ್ಧ ನಿಮಿಷ ನೀರಿನಿಂದ ಹೊರಗಿಟ್ಟವುಗಳಲ್ಲಿ ಶೇಕಡಾ 38, ಒಂದು ನಿಮಿಷ ಹೊರಗಿಟ್ಟವುಗಳಲ್ಲಿ ಶೇಕಡಾ 72 ಸತ್ತವು. ಒಂದು ನಿಮಿಷವೆಂದರೆ ಮೀನನ್ನು ಎರಡು ಕೈಗಳಲ್ಲಿ ಎತ್ತಿ, ನಗುತ್ತ, ಮೂರು ಚಿತ್ರ ತೆಗೆಸಿಕೊಳ್ಳುವಷ್ಟು ಹೊತ್ತು. ಮುಳ್ಳಿಲ್ಲದ ಗಾಳದಿಂದ ಪ್ರಯೋಜನವೇನಾದರೂ ಇದ್ದರೆ, ಅದು ಬೇಗನೆ ಬಿಡಿಸಿ ಈ ಹೊತ್ತನ್ನು ಉಳಿಸುವುದರಲ್ಲಿದೆ. ಉಳಿಸಿದ ಹೊತ್ತನ್ನು ಚಿತ್ರಕ್ಕೆ ವ್ಯಯ ಮಾಡಿದರೆ ಅದೂ ಇಲ್ಲ.

ಇನ್ನೊಂದು ಮಾತು. ಶೇಕಡಾ 4ರಷ್ಟು ತಾನೇ ಎನ್ನುವವರು ಚಕ್ರಬಡ್ಡಿಯನ್ನು ಮರೆಯುತ್ತಾರೆ. ಬಿಟ್ಟ ಮೀನು ಮತ್ತೆ ಗಾಳಕ್ಕೆ ಬೀಳುತ್ತದೆ. ಅಮೆರಿಕದ ಯೆಲ್ಲೋಸ್ಟೋನ್ ನದಿಯ ಒಂದು ಭಾಗದಲ್ಲಿ 1981ರ ಒಂದೇ ಋತುವಿನಲ್ಲಿ ಒಂದೊಂದು ಟ್ರೌಟ್ ಸರಾಸರಿ 9.7 ಬಾರಿ ಗಾಳಕ್ಕೆ ಸಿಕ್ಕಿತೆಂದು ಲೆಕ್ಕ ಹಾಕಿದ್ದಾರೆ. ಆ ನದಿಯಲ್ಲಿ ಪ್ರತಿ ಸಲದ ಸಾವು ಶೇಕಡಾ 0.3 ಮಾತ್ರವಿದ್ದುದರಿಂದ ಹತ್ತು ಸಲಕ್ಕೆ ನೂರರಲ್ಲಿ ಮೂರು ಮೀನುಗಳಷ್ಟೇ ನಷ್ಟ. ಆದರೆ ಮೇಲೆ ಹೇಳಿದ ಶೇಕಡಾ 4.5ರ ದರವನ್ನು ಹತ್ತು ಸಲಕ್ಕೆ ಹಾಕಿ ನೋಡಿ: ನೂರರಲ್ಲಿ ಮೂವತ್ತೇಳು. ಮುಳ್ಳಿಲ್ಲದ ಗಾಳದ ದರದಲ್ಲಿ ಮೂವತ್ತೈದು. ಕಾವೇರಿಯ ಮಹಸೀರ್ ಕುರಿತು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಆ ಮೀನು ಇಂತಹ ಉಪದ್ರವವನ್ನು ಸಾಮಾನ್ಯವಾಗಿ ತಾಳಿಕೊಳ್ಳುತ್ತದೆಂದೂ, ಎಳೆದಾಟ ದೀರ್ಘವಾದಷ್ಟೂ ಅದರ ದೇಹಸ್ಥಿತಿ ಹೆಚ್ಚು ಕೆಡುತ್ತದೆಂದೂ ತಿಳಿಸಿದೆ. ಆದ್ದರಿಂದ "ಬಿಟ್ಟ ಮೀನು ಬದುಕುತ್ತದೆ" ಎಂಬ ಹೇಳಿಕೆ ಸುಳ್ಳಲ್ಲ, ಬಹುಪಾಲು ಬದುಕುತ್ತವೆ. ಇಷ್ಟನ್ನು ಪ್ರಾಮಾಣಿಕವಾಗಿ ಒಪ್ಪಿಕೊಂಡೇ ಮುಂದೆ ಹೋಗಬೇಕು. ಎದುರು ಪಕ್ಷದ ಜಮಾ ಕಲಮನ್ನು ಬರೆಯದೆ ಬಾಕಿ ತೆಗೆಯುವುದು ನ್ಯಾಯವಲ್ಲ.

ನೋವಿನ ವಿಷಯದಲ್ಲಿ ವಿಜ್ಞಾನಿಗಳಲ್ಲಿ ಇನ್ನೂ ವಾದವಿದೆ. 2003ರಲ್ಲಿ ಲಿನ್ ಸ್ನೆಡನ್ ಎಂಬಾಕೆ ಮತ್ತು ಸಂಗಡಿಗರು ಟ್ರೌಟ್ ಮೀನಿನ ತಲೆ ಮತ್ತು ತುಟಿಗಳಲ್ಲಿ ನೋವಿನ ಪ್ರಚೋದನೆಗೆ ಓಗೊಡುವ ನರತಂತುಗಳಿವೆಯೆಂದು ತೋರಿಸಿದರು. ತುಟಿಗೆ ಆಮ್ಲವನ್ನು ಚುಚ್ಚಿದಾಗ ಮೀನು ತುಟಿಯನ್ನು ತೊಟ್ಟಿಯ ತಳದ ಕಲ್ಲುಗಳಿಗೆ ಉಜ್ಜಿತು. ಸುಮಾರು ಮೂರು ಗಂಟೆ ಆಹಾರವನ್ನು ಮುಟ್ಟಲಿಲ್ಲ. ಮೀನಿನ ಮೆದುಳಿನಲ್ಲಿ ಅಂತಹ ಅನುಭವಕ್ಕೆ ಬೇಕಾದ ಭಾಗವೇ ಇಲ್ಲವೆಂದು ಬೇರೆ ಕೆಲವರು ವಾದಿಸುತ್ತಾರೆ. ನಮ್ಮ ಆಚಾರ್ಯರು ಜಲಚರಗಳನ್ನು ಪಂಚೇಂದ್ರಿಯ ತಿರ್ಯಂಚಗಳಲ್ಲಿ ಎಣಿಸಿದ್ದು ಇಂತಹ ಪ್ರಯೋಗಗಳನ್ನು ಕಾದು ಕುಳಿತಲ್ಲ. ಸ್ಪರ್ಶ, ರಸ, ಘ್ರಾಣ, ಚಕ್ಷು, ಶ್ರೋತ್ರ ಐದೂ ಉಳ್ಳ ಜೀವಿಯ ಬಾಯಿಗೆ ಲೋಹದ ಕೊಕ್ಕೆ ಹಾಕಿ ಎಳೆಯುವಾಗ ನೋವು ಆಗುತ್ತದೆಯೋ ಇಲ್ಲವೋ ಎಂಬ ಪ್ರಶ್ನೆಯನ್ನು ಕೊಕ್ಕೆ ಹಿಡಿದವನು ನಿರ್ಣಯಿಸುವುದೇ ವಿಚಿತ್ರ.

ಇನ್ನು ಶಾಸ್ತ್ರದ ವಿಚಾರ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಅತಿಚಾರಗಳನ್ನು ಐದಾಗಿ ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಕೊಲ್ಲುವುದಲ್ಲ, ಹೊಡೆಯುವುದು. ಕೊಂದರೆ ವ್ರತವೇ ಹೋಯಿತು, ಅತಿಚಾರದ ಮಾತು ಉಳಿಯುವುದಿಲ್ಲ. ಗಮನಿಸಬೇಕಾದದ್ದು ಇಷ್ಟೇ: ಈ ಐದರಲ್ಲಿ ಒಂದರಲ್ಲಿಯೂ ಪ್ರಾಣಿಯು ಸಾಯುವುದಿಲ್ಲ. ಕಟ್ಟಿದ ಪ್ರಾಣಿ ಬದುಕಿರುತ್ತದೆ, ಮೂಗು ಚುಚ್ಚಿದ್ದು ಬದುಕಿರುತ್ತದೆ, ಹೊರೆ ಹೊತ್ತದ್ದೂ ಬದುಕಿರುತ್ತದೆ. ಬದುಕಿ ಉಳಿಯಿತು ಎಂಬುದು ಸಮಾಧಾನವಾಗುವುದಿದ್ದರೆ ಆಚಾರ್ಯರು ಈ ಸೂತ್ರವನ್ನು ರಚಿಸುವ ಅವಶ್ಯಕತೆಯೇ ಇರಲಿಲ್ಲ. ಮನೆಯಲ್ಲಿ ಸಾಕಿದ ಎತ್ತಿನ ವಿಷಯದಲ್ಲಿ ಹೇಳಿದ ಮಾತು ಹೊಳೆಯ ಮೀನಿಗೆ ಅನ್ವಯಿಸುವುದಿಲ್ಲವೆಂದು ಯಾರೂ ವಾದಿಸಲಾರರು.

ಆದರೆ ನನ್ನ ಅಭಿಪ್ರಾಯದಲ್ಲಿ ಇದು ಅತಿಚಾರದ ಮಟ್ಟದಲ್ಲಿ ನಿಲ್ಲುವ ಸಂಗತಿಯಲ್ಲ. ಹುಡುಗನಿಗೆ ನಾನು ಜನ್ನನ ಯಶೋಧರ ಚರಿತೆಯನ್ನು ನೆನಪಿಸಿದೆ. 1209ರಲ್ಲಿ ರಚಿತವಾದ ಆ ಕಾವ್ಯದಲ್ಲಿ ಯಶೋಧರನು ಜೀವಂತ ಪ್ರಾಣಿಯನ್ನು ಬಲಿಕೊಡಲು ಒಪ್ಪದೆ, ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಕೊಟ್ಟನು. ಸತ್ತ ಜೀವಗಳ ಲೆಕ್ಕ ತೆಗೆದರೆ ಅಲ್ಲಿ ಸೊನ್ನೆ. ಬದುಕುಳಿದ ಪ್ರಮಾಣ ನೂರಕ್ಕೆ ನೂರು. ಹೀಗಿದ್ದೂ ತಾಯಿಮಕ್ಕಳಿಬ್ಬರೂ ತಿರ್ಯಗ್ಗತಿಯಲ್ಲಿ ತೊಳಲಿದರು. ನವಿಲಾಗಿ, ನಾಯಿಯಾಗಿ, ಒಂದು ಭವದಲ್ಲಿ ಯಶೋಧರನು ಸಿಪ್ರಾ ನದಿಯ ಮೀನೇ ಆಗಿ ಮನುಷ್ಯರ ಕೈಗೆ ಸಿಕ್ಕಿಬಿದ್ದನು. ಕತ್ತಿ ಹೋಗಿ ಹಿಟ್ಟನ್ನು ತಾಗಿದರೂ ಕತ್ತಿ ಎತ್ತಿದ ಭಾವ ಕೋಳಿಯನ್ನೇ ತಾಗಿತ್ತು. ಮುಳ್ಳಿಲ್ಲದ ಗಾಳ ನಮ್ಮ ಕಾಲದ ಹಿಟ್ಟಿನ ಕೋಳಿ. ವಾಸ್ತವವಾಗಿ ಅದಕ್ಕಿಂತಲೂ ಒಂದು ಹೆಜ್ಜೆ ಮುಂದೆ, ಏಕೆಂದರೆ ಹಿಟ್ಟಿಗೆ ನೋವಿರಲಿಲ್ಲ.

ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿ, ಗೃಹಸ್ಥನು ಮೊದಲನೆಯದನ್ನಾದರೂ ಪೂರ್ತಿಯಾಗಿ ಬಿಡಬೇಕೆಂದು ನಮ್ಮಲ್ಲಿ ಹೇಳಿಕೊಡುತ್ತಾರೆ. ಅಡುಗೆಯಲ್ಲಿ, ಉಳುಮೆಯಲ್ಲಿ, ಅಂಗಡಿಯಲ್ಲಿ ಆಗುವ ಹಿಂಸೆಗೆ ಜೀವನದ ಅನಿವಾರ್ಯತೆ ಎಂಬ ಆಸರೆಯಾದರೂ ಇದೆ. ಹಿಡಿದು ಬಿಡುವವನಿಗೆ ಯಾವ ಆಸರೆ? ಹಸಿವೆಯಲ್ಲ, ಕಸಬಲ್ಲ, ಆತ್ಮರಕ್ಷಣೆಯಲ್ಲ. ಮೀನು ಎಳೆದಾಡುವಾಗ ದಂಡದ ತುದಿಯಲ್ಲಿ ಆಗುವ ಕಂಪನವೇ ಅವನ ಫಲ. ಆ ಕಂಪನವಾದರೋ ಜೀವವೊಂದು ಪ್ರಾಣ ಉಳಿಸಿಕೊಳ್ಳಲು ಪಡುವ ಪಾಡು. ಸಪ್ತವ್ಯಸನಗಳಲ್ಲಿ ಬೇಟೆಯನ್ನು ಸೇರಿಸಿದ್ದು ಮಾಂಸದ ಸಲುವಾಗಿ ಅಲ್ಲ, ಮಾಂಸಕ್ಕೆ ಅಲ್ಲಿ ಬೇರೆಯೇ ಸ್ಥಾನವಿದೆ. ಈ ರುಚಿಯ ಸಲುವಾಗಿ.

ಎರೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಕಾವೇರಿಯಲ್ಲಿ ಮಹಸೀರ್ ಹಿಡಿಯಲು ಬಳಸುತ್ತಿದ್ದ ಹೆಸರುವಾಸಿ ಎರೆ ಯಾವುದು ಗೊತ್ತೆ? ರಾಗಿಮುದ್ದೆ. ಮಸಾಲೆ ಬೆರೆಸಿ ಬೇಯಿಸಿ ಗಟ್ಟಿಯಾಗಿ ಉಂಡೆ ಕಟ್ಟಿದ ಮುದ್ದೆ. ನಮ್ಮ ಸೀಮೆಯ ಅನ್ನ. ಚತುರ್ವಿಧ ದಾನಗಳಲ್ಲಿ ಆಹಾರದಾನವನ್ನು ಮೊದಲು ಹೇಳುವ ಪರಂಪರೆಯವರು ಅನ್ನದೊಳಗೆ ಕೊಕ್ಕೆಯಿಟ್ಟು ನೀಡುವುದನ್ನು ಮಾಯಾಕಷಾಯವೆನ್ನದೆ ಇನ್ನೇನೆಂದಾರು? ಮುಳ್ಳು ತೆಗೆದರೂ ಮೋಸ ಹಾಗೆಯೇ ಉಳಿಯುತ್ತದೆ.

ಹುಡುಗ ಸುಲಭಕ್ಕೆ ಬಿಡುವವನಲ್ಲ. "ಹಾಗಾದರೆ ಮೃಗಸೇನ ಧೀವರನ ಕಥೆ?" ಎಂದ. ನನಗೆ ಸಂತೋಷವಾಯಿತು, ಪಾಠಶಾಲೆಯ ಶ್ರಮ ವ್ಯರ್ಥವಾಗಿಲ್ಲ. ಸೋಮದೇವಸೂರಿಗಳು 959ರಲ್ಲಿ ಪೂರ್ಣಗೊಳಿಸಿದ ಯಶಸ್ತಿಲಕದಲ್ಲಿ ಅಹಿಂಸಾವ್ರತಕ್ಕೆ ದೃಷ್ಟಾಂತವಾಗಿ ಬರುವ ಕಥೆ ಅದು. ಅವಂತಿದೇಶದ ಬೆಸ್ತನೊಬ್ಬನು ಯಶೋಧರರೆಂಬ ಮುನಿಗಳ ಬಳಿ (ಇವರು ಬೇರೆ, ಹಿಟ್ಟಿನ ಕೋಳಿಯ ಯಶೋಧರನಲ್ಲ) ಒಂದು ಸಣ್ಣ ನಿಯಮ ಸ್ವೀಕರಿಸಿದನು: ಬಲೆಗೆ ಮೊದಲು ಬಿದ್ದ ಜೀವವನ್ನು ಬಿಟ್ಟುಬಿಡುವುದು. ಆ ದಿನ ದೊಡ್ಡ ಮೀನೊಂದು ಬಿತ್ತು. ಗುರುತಿಗೆ ಬಟ್ಟೆಯ ಚೂರನ್ನು ಕಟ್ಟಿ ಬಿಟ್ಟನು. ಮತ್ತೆ ಬಲೆ ಬೀಸಿದರೆ ಅದೇ ಮೀನು. ಹೀಗೆ ಐದು ಬಾರಿ. ಸೂರ್ಯ ಮುಳುಗಿತು, ಬರಿಗೈಯಲ್ಲಿ ಮನೆಗೆ ಬಂದವನಿಗೆ ಹೆಂಡತಿ ಬಾಗಿಲು ತೆರೆಯಲಿಲ್ಲ, ಹೊರಗೆ ಮಲಗಿದವನು ಹಾವು ಕಚ್ಚಿ ಸತ್ತನು. ಮುಂದಿನ ಭವದಲ್ಲಿ ವರ್ತಕನ ಮಗ ಧನಕೀರ್ತಿಯಾಗಿ ಹುಟ್ಟಿ ಐದು ಬಾರಿ ಮೃತ್ಯುಮುಖದಿಂದ ಪಾರಾದನು. ಯೆಲ್ಲೋಸ್ಟೋನಿನ ವಿಜ್ಞಾನಿಗಳಿಗೆ ಈ ಕಥೆ ತಿಳಿದಿದ್ದರೆ ಮೀನಿಗೆ ಗುರುತು ಕಟ್ಟಿ ಎಣಿಸಿದ ಮೊದಲಿಗ ಇವನೇ ಎನ್ನುತ್ತಿದ್ದರೇನೋ.

ಹಿಡಿದು ಬಿಟ್ಟವನಿಗೆ ಅಲ್ಲಿ ಪುಣ್ಯವೇ ದೊರೆಯಿತಲ್ಲ ಎಂಬುದು ಹುಡುಗನ ಎದುರುವಾದ. ದೊರೆಯಿತು, ಆದರೆ ಯಾರಿಗೆ? ಕೊಲ್ಲುವುದೇ ಜೀವನೋಪಾಯವಾಗಿದ್ದವನು, ಆ ರಾತ್ರಿಯ ಊಟವನ್ನೂ ಮನೆಯ ಆಶ್ರಯವನ್ನೂ ಕಳೆದುಕೊಂಡು ಐದು ಸಲ ಬಿಟ್ಟನು. ಅವನ ಬಿಡುಗಡೆ ತ್ಯಾಗ. ಉಂಡು ತಣಿದು ಬೆಂಗಳೂರಿನಿಂದ ವಾಹನ ಹತ್ತಿ ಬಂದವನು ಬಿಡುವುದರಿಂದ ಕಳೆದುಕೊಳ್ಳುವುದೇನೂ ಇಲ್ಲ. ಬಿಟ್ಟರೆ ನಾಳೆ ಮತ್ತೆ ಹಿಡಿಯಬಹುದೆಂಬುದೇ ಅವನ ಲೆಕ್ಕ. ಮೃಗಸೇನನು ಆ ನಿಯಮದಿಂದ ಬಲೆಯ ಕಡೆಯಿಂದ ವ್ರತದ ಕಡೆಗೆ ನಡೆಯುತ್ತಿದ್ದನು. ನಮ್ಮ ಹುಡುಗನು ಅದೇ ನಿಯಮದಿಂದ ವ್ರತದ ಕಡೆಯಿಂದ ಗಾಳದ ಕಡೆಗೆ ನಡೆಯಬೇಕಾಗುತ್ತದೆ. ಇಷ್ಟನ್ನು ಹೇಳುತ್ತಲೇ ಇದನ್ನೂ ಹೇಳಬೇಕು: ಗಾಳವನ್ನು ಬಿಡಲು ಸಿದ್ಧನಿಲ್ಲದವನು ಮುಳ್ಳನ್ನಾದರೂ ಬಿಟ್ಟರೆ, ಮೀನನ್ನು ನೀರಿನಿಂದ ಎತ್ತದೆಯೇ ಬಿಡಿಸಿದರೆ, ನಾನು ಅದನ್ನು ಹೀಗಳೆಯುವುದಿಲ್ಲ. ಮುನಿಗಳು ಬೆಸ್ತನಿಗೆ ಬಲೆಯನ್ನೇ ಸುಡು ಎನ್ನಲಿಲ್ಲ.

ಅವನು ಆ ಪ್ರವಾಸಕ್ಕೆ ಹೋಗಲಿಲ್ಲ. ಆದರೆ ಹೊರಡುವಾಗ ಕೇಳಿದ ಇನ್ನೊಂದು ಪ್ರಶ್ನೆ ಮೊದಲಿನದಕ್ಕಿಂತ ಕಠಿಣವಾದದ್ದು: "ಗಾಳದವರು ಹೋದರೆ ಮೀನನ್ನು ಕಾಯುವವರು ಯಾರು?"

ಇದಕ್ಕೆ ಕಾವೇರಿಯ ಚರಿತ್ರೆಯನ್ನೇ ನೋಡಬೇಕು. ಸ್ವಾತಂತ್ರ್ಯಾನಂತರ ಮಹಸೀರ್ ಅಳಿದೇಹೋಯಿತೆಂದು ಹಲವರು ಭಾವಿಸಿದ್ದಾಗ, 1970ರ ದಶಕದ ಕೊನೆಯಲ್ಲಿ ಮೂವರು ಆಂಗ್ಲ ಯುವಕರು ಕಾವೇರಿಯಲ್ಲಿ ಅದನ್ನು ಮತ್ತೆ ಹಿಡಿದು ತೋರಿಸಿದರು. ಬಳಿಕ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಶಿಬಿರಗಳು ನಡೆದವು. ಹಿಂದೆ ಸಿಡಿಮದ್ದು ಹಾಕಿ ಮೀನು ಕೊಲ್ಲುತ್ತಿದ್ದವರಲ್ಲಿ ಕೆಲವರಿಗೆ ಅಲ್ಲಿಯೇ ಮಾರ್ಗದರ್ಶಕರ, ಕಾವಲುಗಾರರ ಕೆಲಸ ದೊರೆಯಿತು. ಈ ನದೀಭಾಗವು 1987ರಿಂದ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದೆ. ವನ್ಯಜೀವಿ ಸಂರಕ್ಷಣಾ ಕಾಯಿದೆಯ 2002ರ ತಿದ್ದುಪಡಿಯು ಪ್ರಾಣಿ ಎಂಬ ಪದದ ಅರ್ಥದಲ್ಲಿ ಮೀನನ್ನೂ ಸೇರಿಸಿತು. ಕಾನೂನಿನ ಕಣ್ಣಿಗೆ ಮೀನು ಪ್ರಾಣಿಯಾಗಲು ಅಷ್ಟು ವರ್ಷ ಹಿಡಿಯಿತು. 2012ರ ಹೊತ್ತಿಗೆ ವನ್ಯಜೀವಿಧಾಮದೊಳಗಿನ ಗಾಳದ ಕ್ರೀಡೆ ನಿಂತಿತು. ಶಿಬಿರಗಳ ಕಾವಲು ಹೋದ ಮೇಲೆ ಸಿಡಿಮದ್ದು ಮರಳಿ ಬಂತೆಂಬುದು ಗಾಳದವರ ದೂರು. ಅದನ್ನು ಸ್ವಾರ್ಥದ ಮಾತೆಂದು ತಳ್ಳಿಹಾಕುವುದು ಸರಿಯಲ್ಲ. ಗಾಳಕ್ಕೆ ಬಿದ್ದ ಮೀನಿಗೆ ಬದುಕುವ ಅವಕಾಶವುಂಟು, ಸಿಡಿಮದ್ದಿಗೆ ಮರಿ, ಮೊಟ್ಟೆ ಎಂಬ ಭೇದವಿಲ್ಲ.

ಆದರೆ ಅದೇ ಗಾಳದವರು ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಪುಸ್ತಕ ಬೇರೊಂದು ಸಂಗತಿಯನ್ನು ಹೇಳುತ್ತದೆ. ಆರು ಸಾವಿರಕ್ಕೂ ಹೆಚ್ಚು ಮೀನುಗಳ ಆ ದಾಖಲೆಯನ್ನು ವಿಜ್ಞಾನಿಗಳು 2015ರಲ್ಲಿ ವಿಶ್ಲೇಷಿಸಿದರು. ಮಹಸೀರ್‌ಗಳ ಒಟ್ಟು ಸಂಖ್ಯೆ ಹೆಚ್ಚಿತ್ತು, ನಿಜ. ಆದರೆ ಹೆಚ್ಚಿದ್ದು ನೀಲಿ ರೆಕ್ಕೆಯ ಮಹಸೀರ್, 1970ರ ದಶಕದಿಂದ ಮೀನುಮರಿ ಕೇಂದ್ರಗಳಿಂದ ತಂದು ಬಿಟ್ಟ ಜಾತಿ. ಉಬ್ಬುಬೆನ್ನಿನ ಮೂಲ ಮಹಸೀರ್ ಮಾತ್ರ ಆ ಅವಧಿಯಲ್ಲಿ ಕ್ಷೀಣಿಸಿ ಅಪರೂಪವಾಯಿತು. ತಂದುಬಿಟ್ಟ ಮೀನೇ ಅದಕ್ಕೆ ಒಂದು ಕಾರಣವಿರಬೇಕೆಂಬುದು ತಜ್ಞರ ಶಂಕೆ. ಆ ಮೂಲ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ನಿಶ್ಚಯವಾದದ್ದೇ 2018ರಲ್ಲಿ. ಅದೇ ವರ್ಷ ಅದನ್ನು ತೀವ್ರವಾಗಿ ಅಳಿವಿನಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು. 54 ಕಿಲೋ ತೂಗಿದ ಸಂತತಿಯ ಇಂದಿನ ಸ್ಥಿತಿ ಇದು. ಹಿಡಿದು ಬಿಟ್ಟದ್ದರಿಂದ ಅದು ಅಳಿಯಲಿಲ್ಲ, ಹಿಡಿದು ಬಿಟ್ಟದ್ದರಿಂದ ಉಳಿಯಲೂ ಇಲ್ಲ. ಕಾವಲಿನಿಂದ ಪ್ರಯೋಜನವಾಯಿತು, ಕಾವಲಿಗೆ ಗಾಳದ ಹಣ ಬಂತು. ಹಣ ಬೇರೆ ಕಡೆಯಿಂದ ಬಂದರೆ ಕಾವಲಿಗೆ ಗಾಳ ಬೇಕಿಲ್ಲ.

ಸ್ವಿಟ್ಜರ್ಲೆಂಡ್ ದೇಶದವರು 2008ರ ಪ್ರಾಣಿಸಂರಕ್ಷಣಾ ನಿಯಮದಲ್ಲಿ, ಮರಳಿ ಬಿಡುವ ಉದ್ದೇಶದಿಂದಲೇ ಮೀನಿಗೆ ಗಾಳ ಹಾಕುವುದನ್ನು ನಿಷೇಧಿಸಿದ್ದಾರೆ. ಮುಳ್ಳಿನ ಗಾಳವನ್ನೂ ಸಾಮಾನ್ಯವಾಗಿ ನಿಷೇಧಿಸಿದ್ದಾರೆ. ತಿನ್ನಲು ಹಿಡಿಯಬಹುದು, ಆಡಲು ಹಿಡಿಯಬಾರದು ಎಂಬುದು ಅವರ ತರ್ಕ. ಮೊದಲರ್ಧವನ್ನು ನಾವು ಒಪ್ಪಲಾರೆವು. ಎರಡನೆಯದು ನಮ್ಮ ಅನರ್ಥದಂಡವಿರತಿಯೇ.

ಈಗ ನಮ್ಮ ಮನೆಯ ಲೆಕ್ಕ. ಪರ್ವದಿನಗಳಲ್ಲಿ ಜೀವದಯೆಯ ಹೆಸರಿನಲ್ಲಿ ಬೆಸ್ತರಿಂದ ಜೀವಂತ ಮೀನುಗಳನ್ನು ಕೊಂಡು ಕೆರೆಗೆ ಬಿಡಿಸುವ ಪದ್ಧತಿ ನಮ್ಮವರಲ್ಲಿ ಹಲವೆಡೆ ಇದೆ. ಭಾವನೆ ಪವಿತ್ರವಾದದ್ದು. ಆದರೆ ಗಾಳಿಯಲ್ಲಿ ಒಂದು ನಿಮಿಷವಿದ್ದ ಟ್ರೌಟ್‌ನ ಗತಿಯನ್ನು ಓದಿದ ಮೇಲೆ, ಮೀನಂಗಡಿಯ ತಟ್ಟೆಯಲ್ಲಿ ಬಾಯಿಬಿಡುತ್ತಿದ್ದ ಮೀನು ಕೆರೆಗೆ ಬಿದ್ದು ಎಷ್ಟು ಹೊತ್ತು ಬದುಕೀತೆಂದು ಕೇಳಿಕೊಳ್ಳದಿರುವುದು ಕಷ್ಟ. ಬದುಕಿದ್ದು ಬೇರೆ ನೀರಿನ ಜಾತಿಯಾದರೆ ಆ ಕೆರೆಯ ಮರಿಗಳನ್ನು ತಿಂದು ಬದುಕೀತು. ಹಬ್ಬದ ಹಿಂದಿನ ದಿನ ಇಷ್ಟು ಮೀನು ಬೇಕೆಂದು ಹೇಳಿಟ್ಟರಂತೂ ಆ ಮೀನು ಬಲೆಗೆ ಬಿದ್ದದ್ದೇ ನಮ್ಮ ಸಲುವಾಗಿ. ಗಾಳ ನಮ್ಮ ಕೈಯಲ್ಲಿಲ್ಲ, ಗಾಳದ ಕೂಲಿ ನಮ್ಮ ನಿಧಿಯಿಂದ ಹೋಗುತ್ತದೆ. ಕೃತ, ಕಾರಿತ, ಅನುಮತ ಎಂಬ ಮೂರನ್ನೂ ಬಲ್ಲವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ದೇವಾಲಯದ ಮುಂದಿನ ಹೊಳೆಯ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ. ಮಹಸೀರ್ ಜಾತಿಯವೇ ಅವು. 1996ರಲ್ಲಿ ದುಷ್ಕರ್ಮಿಗಳು ನೀರಿಗೆ ವಿಷ ಹಾಕಿದಾಗ ಸಾವಿರಾರು ಮೀನುಗಳು ಸತ್ತವು. ಊರವರು ಅವುಗಳಿಗೆ ಸ್ಮಾರಕ ನಿಲ್ಲಿಸಿದ್ದಾರೆ, ಹೊಳೆಯಲ್ಲಿ ಮತ್ತೆ ಮೀನುಗಳಿವೆ. ಶೃಂಗೇರಿಯ ತುಂಗೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ ಇಂತಹವೇ ಮಡುವುಗಳಿವೆ. ಅಲ್ಲಿ ಗಾಳವೂ ಇಲ್ಲ, ಬಿಡುಗಡೆಯೂ ಇಲ್ಲ, ಕಾಯುವವರ ಕಣ್ಣು ಮಾತ್ರ ಇದೆ. ನಮ್ಮ ಬಸದಿಯ ಜೀವದಯಾ ನಿಧಿಯಲ್ಲಿ ಮೀನು ಬಿಡಿಸಲೆಂದು ತೆಗೆದಿಡುವ ಮೊತ್ತವನ್ನು ಇನ್ನು ಮುಂದೆ ಇಂತಹ ಒಂದು ಮಡುವಿನ ರಾತ್ರಿಕಾವಲಿನವನ ಸಂಬಳಕ್ಕೆ ಕೊಡಬೇಕೆಂದು, ದಶಲಕ್ಷಣ ಪರ್ವಕ್ಕೆ ಮೊದಲಿನ ಸಭೆಯಲ್ಲಿ ಪ್ರಸ್ತಾಪಿಸಲಿದ್ದೇನೆ. ತಮ್ಮನ ಮಗನು ಪ್ರವಾಸಕ್ಕೆಂದು ಎತ್ತಿಟ್ಟಿದ್ದ ಹಣವನ್ನು ಇದಕ್ಕೆ ಕಳುಹಿಸಿಕೊಟ್ಟಿದ್ದಾನೆ. ಬೇರೆ ಊರುಗಳ ಬಸದಿಗಳವರು ಈ ಕುರಿತು ತಮ್ಮ ಅಭಿಪ್ರಾಯವನ್ನು ಪತ್ರಿಕೆಗೆ ಬರೆದು ತಿಳಿಸಿದರೆ ಸಭೆಯ ಮುಂದೆ ಇಡುತ್ತೇನೆ.